ಇಪ್ಪತ್ತು ಕಂಪ್ಯೂಟರಿಗೆ ಒಬ್ಬ ನೀರುಗಂಟಿ

ನಮ್ಮ ಚಿಕ್ಕಪ್ಪನವರಿಗೆ ದೇವರ ಮೇಲೆ ಇರುವುದು ಒಂದೇ ಒಂದು ತಕರಾರು. ಮನುಷ್ಯನಿಗೆ ಎರಡೆರಡು ಕಿವಿ ಕೊಟ್ಟು ದುಂದು ಮಾಡಿದನಂತೆ! ಒಂದೇ ಕಿವಿಯನ್ನು ನೆತ್ತಿಯ ಮೇಲೆ ಸರಿಯಾಗಿ ಕೂರಿಸಿದ್ದರೆ ನಾಲ್ಕು ದಿಕ್ಕಿನ ಮಾತೂ ಕೇಳುತ್ತಿತ್ತಲ್ಲ ಎಂಬುದು ಅವರ ವಾದ. "ಮಳೆ ಬಂದರೆ ನೀರು ತುಂಬಿಕೊಳ್ಳುವುದಿಲ್ಲವಾ ಚಿಕ್ಕಪ್ಪ?" ಎಂದು ನಾನು ಕೇಳಿದ್ದಕ್ಕೆ, "ಅದ್ಕೊಂದು ಮುಚ್ಚಳ ಮಡಗ್ಬೇಕಾಗಿತ್ತು ಕಣಮ್ಮಿ" ಎಂದರು. ಈ ವಿಷಯದಲ್ಲಿ ದೇವರಿಂದ ಇನ್ನೂ ಉತ್ತರ ಬಂದಿಲ್ಲ.

ಅವರ ಪ್ರಕಾರ ಈ ಪ್ರಪಂಚದಲ್ಲಿ ಯಾವ ವಸ್ತುವೂ ಎರಡು ಇರಕೂಡದು. ಒಂದಿರಬೇಕು, ಅದು ಎಲ್ಲರಿಗೂ ಆಗಬೇಕು. ಮಳವಳ್ಳಿಯ ನಮ್ಮ ಬೀದಿಯಲ್ಲಿ ನಮ್ಮ ಅಪ್ಪನದೂ ಅವರ ತಮ್ಮಂದಿರದೂ ಸೇರಿ ನಾಲ್ಕು ಮನೆಗಳು ಸಾಲಾಗಿವೆ. ನಾಲ್ಕಕ್ಕೂ ಚಿಕ್ಕಪ್ಪ ಒಂದೇ ಕರೆಗಂಟೆ ಹಾಕಿಸಿದ್ದರು. ಅಂಚೆಯವರು ಬಂದು ಒಂದು ಸಲ ಒತ್ತಿದರೆ ಸಾಕು, ನಾಲ್ಕು ಬಾಗಿಲು ಒಟ್ಟಿಗೆ ತೆರೆದು ಹನ್ನೊಂದು ಜನ ಜಗಲಿಗೆ ಬಂದು ನಿಲ್ಲುತ್ತಿದ್ದೆವು. ಪಾಪ, ಒಂದು ಲಕೋಟೆ ಕೊಡಲು ಬಂದವರಿಗೆ ಅಷ್ಟೊಂದು ಮುಖ ಕಂಡರೆ ಏನಾಗಬೇಡ? ಆಮೇಲಾಮೇಲೆ ಅವರು ಗಂಟೆಯ ತಂಟೆಗೇ ಹೋಗದೆ ರಸ್ತೆಯಿಂದಲೇ ಹೆಸರು ಕೂಗಿ, ಕಾಗದವನ್ನು ಕಲ್ಲಿನ ಕೆಳಗಿಟ್ಟು ಹೊರಟುಬಿಡುತ್ತಿದ್ದರು.

ಇನ್ನು ಬಿಸಿನೀರು. ಒಂದೇ ಹಂಡೆ, ಅದರಿಂದ ನಾಲ್ಕು ಮನೆಗೆ ನಾಲ್ಕು ಕೊಳವೆ, ಮತ್ತು ಸರದಿಯ ಪಟ್ಟಿ. ಪಟ್ಟಿಯಲ್ಲಿ ನನ್ನ ಹೆಸರು ಎಂಟನೆಯದು. ನನ್ನ ಸರದಿ ಬರುವಷ್ಟರಲ್ಲಿ ನೀರು ನನಗಿಂತ ಹೆಚ್ಚು ನಡುಗುತ್ತಿತ್ತು.

ಇದು ಜಿಪುಣತನ ಎಂದುಕೊಂಡರೆ ತಪ್ಪಾಗುತ್ತದೆ. ಇದು ಕಸುಬಿನ ಚಟ. ಚಿಕ್ಕಪ್ಪ ಮೂವತ್ತು ವರ್ಷ ನೀರುಗಂಟಿಯಾಗಿದ್ದವರು. ನಾಲೆಯಿಂದ ಬರುವ ನೀರನ್ನು ತೂಬು ಎತ್ತಿ, ಇಳಿಸಿ, ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ಸರದಿಯಂತೆ ಬಿಡುವುದು ಅವರ ಕೆಲಸ. ನಿವೃತ್ತರಾದ ಮೇಲೆ ಹಂಚಲು ನೀರಿಲ್ಲದೆ ಕೈ ಕಡಿಯತೊಡಗಿತು. ಸಿಕ್ಕಿದ್ದನ್ನೆಲ್ಲ ಹಂಚಿದರು.

ಈ ಮಹಾನುಭಾವರ ಜೊತೆ ಸಂಸಾರ ಮಾಡಿದವರು ನಮ್ಮ ಚಿಕ್ಕಮ್ಮ. ಊರಿನ ಶಾಲೆಯೊಂದರ ಕಚೇರಿಯಲ್ಲಿ ಅಟೆಂಡರು. ಇಪ್ಪತ್ತೈದು ವರ್ಷ ಬೆಲ್ಲು ಹೊಡೆದು, ಫೈಲು ಹೊತ್ತು, ಹೆಡ್‌ಮಾಸ್ಟರಿಗೆ ಕಾಫಿ ತಂದು ಕೊಟ್ಟವರು. ಓದಿದ್ದು ಎಸ್ಸೆಸ್ಸೆಲ್ಸಿ, ಅಕ್ಷರ ಮುತ್ತಿನಂಥದ್ದು. ಒಂದು ಕಂಪ್ಯೂಟರ್ ಪರೀಕ್ಷೆ ಪಾಸು ಮಾಡಿದರೆ ಗುಮಾಸ್ತೆಯಾಗಿ ಬಡ್ತಿ, ಕೂರಲು ಸ್ವಂತ ಕುರ್ಚಿ ಮೇಜು. ಆದರೆ ಪರೀಕ್ಷೆ ನಡೆಯುವುದು ಮೈಸೂರಿನಲ್ಲಿ, ಚಿಕ್ಕಮ್ಮನಿಗೆ ಬಸ್ಸು ಆಗುವುದಿಲ್ಲ. ಬಸ್ಸು ಹತ್ತುವುದಿರಲಿ, ಬಸ್ಸಿನ ಬೋರ್ಡು ಓದಿದರೂ ಅವರಿಗೆ ಹೊಟ್ಟೆ ತೊಳಸುತ್ತದೆ!

ಮೊದಲ ಸಲ ಹೊರಟವರು ಬನ್ನೂರು ದಾಟಲಿಲ್ಲ. ಅಲ್ಲೇ ಇಳಿದು, ಮರದ ಕೆಳಗೆ ಮಲಗಿ, ಸಂಜೆ ವಾಪಸು ಬಂದರು. "ಅರ್ಧ ದೂರ ಓಗಿದ್ದೀಯಲ್ಲ, ಮುಂದಿನ ಸರ್ತಿ ಅಲ್ಲಿಂದಲೇ ಸುರು ಮಾಡು" ಎಂದು ಚಿಕ್ಕಪ್ಪ ಸಮಾಧಾನ ಹೇಳಿದರು. ಎರಡನೆಯ ಸಲ ಸ್ಕೂಟರಿನಲ್ಲಿ ಹೋಗುವುದೆಂದು ತೀರ್ಮಾನವಾಯಿತು. ಆ ಬೆಳಿಗ್ಗೆ ನೋಡಿದರೆ ಸ್ಕೂಟರೇ ಇಲ್ಲ. ಅದನ್ನು ಚಿಕ್ಕಪ್ಪ ಪಕ್ಕದ ಮನೆಯವರ ಜೊತೆ ಹಂಚಿಕೊಂಡಿದ್ದರು, ಅವತ್ತು ಅವರ ಸರದಿ! ಮೂರನೆಯ ಸಲ ನಿಂಬೆಹಣ್ಣು ಮೂಸುತ್ತ ಮೂಸುತ್ತ ಹೇಗೋ ಮೈಸೂರು ಮುಟ್ಟಿದರು. ಪರೀಕ್ಷೆ ಶುರುವಾದದ್ದೇ ತಲೆ ಸುತ್ತಿ ಕೀಬೋರ್ಡಿನ ಮೇಲೆ ಹಣೆಯಿಟ್ಟರು. ಎಚ್ಚರಾಗುವಷ್ಟರಲ್ಲಿ ಹಣೆಯೇ ಎರಡು ಪುಟ ಟೈಪ್ ಮಾಡಿತ್ತು, ಅದೂ ಒಂದೇ ಅಕ್ಷರ. ಅದಕ್ಕೆ ಅಂಕ ಕೊಡಲಿಲ್ಲ.

ನಾವು ನಕ್ಕೆವು, ಚಿಕ್ಕಮ್ಮನೂ ನಕ್ಕರು. ಆದರೆ ಒಂದು ದಿನ ಅಕ್ಕಿ ಆರಿಸುತ್ತ ನನ್ನೊಬ್ಬಳಿಗೇ ಹೇಳಿದರು: "ಈ ವರ್ಸ ಆಗ್ಲಿಲ್ಲ ಅಂದ್ರೆ ಮುಂದ್ಲೊರ್ಸಕ್ಕೆ ವಯಸ್ಸು ಮುಗೀತದೆ ಕಣಮ್ಮಿ. ಬೆಲ್ ಒಡ್ಕೊಂಡೇ ರಿಟೈರ್ ಆಗ್ಬೇಕು. ಆಗ್ಲಿ ಬುಡು." ಆ 'ಬುಡು' ಎನ್ನುವಾಗ ಅವರು ತಲೆ ಎತ್ತಲಿಲ್ಲ. ನನಗೆ ತುಂಬ ಸಂಕಟವಾಯಿತು.

ನಾನು ಮಳವಳ್ಳಿಯಲ್ಲಿ ಒಂದು ಪುಟ್ಟ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತೇನೆ. ಪರೀಕ್ಷೆಯವರನ್ನು ವಿಚಾರಿಸಿದೆ. ಒಂದೇ ಕೋಣೆಯಲ್ಲಿ ಇಪ್ಪತ್ತು ಕಂಪ್ಯೂಟರು ತಯಾರಿದ್ದರೆ ಇಲ್ಲೇ ಪರೀಕ್ಷಾ ಕೇಂದ್ರ ಕೊಡುತ್ತೇವೆ, ಬಂದು ನೋಡುತ್ತೇವೆ ಎಂದರು. ನನ್ನ ಬಳಿ ಇದ್ದದ್ದು ಆರು. ಅಷ್ಟರಲ್ಲಿ ಯಾವುದೋ ಕಚೇರಿಯವರು ಹಳೆಯ ಕಂಪ್ಯೂಟರುಗಳನ್ನು ದಾನ ಮಾಡುತ್ತಾರೆಂದು ಗೊತ್ತಾಗಿ ಓಡಿಹೋಗಿ ಇಪ್ಪತ್ತು ತಂದೆ. ತಂದು ನೋಡಿದರೆ ಒಂದರಲ್ಲೂ ಹಾರ್ಡ್ ಡಿಸ್ಕ್ ಇಲ್ಲ! ತಮ್ಮ ಗುಟ್ಟೆಲ್ಲ ಅದರಲ್ಲಿದೆ ಎಂದು ಕಿತ್ತಿಟ್ಟುಕೊಂಡು ಬರೀ ದೇಹ ಕೊಟ್ಟಿದ್ದರು. ಡಿಸ್ಕಿಲ್ಲದ ಕಂಪ್ಯೂಟರು ಸ್ವಿಚ್ ಹಾಕಿದರೆ ಎದ್ದು ಕಣ್ಣು ಬಿಡುತ್ತದೆ, ಆದರೆ ತಾನು ಯಾರು, ಏನು ಮಾಡಬೇಕು ಎಂಬುದು ಅದಕ್ಕೆ ಗೊತ್ತಿರುವುದಿಲ್ಲ.

ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಚಿಕ್ಕಪ್ಪ ಬಂದರು. ಆಗ ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಾನು ಕಾಲೇಜಿನಲ್ಲಿ ಓದಿದ್ದನ್ನು ವಿವರಿಸಿದೆ. ಹೀಗೊಂದು ಉಪಾಯವಿದೆ, ಸರ್ವರ್ ಎಂಬ ಒಂದು ಕಂಪ್ಯೂಟರಿಗೆ ಮಾತ್ರ ಡಿಸ್ಕ್ ಹಾಕುವುದು, ಉಳಿದವನ್ನು ತಂತಿಯಲ್ಲಿ ಅದಕ್ಕೆ ಜೋಡಿಸುವುದು, ಅವು ಎದ್ದ ತಕ್ಷಣ 'ನನ್ನ ವಿಳಾಸವೇನು, ನನ್ನ ಪಾಠವೆಲ್ಲಿ' ಎಂದು ತಂತಿಯಲ್ಲಿ ಕೇಳುತ್ತವೆ, ಸರ್ವರ್ ಎಲ್ಲಕ್ಕೂ ಹಂಚುತ್ತದೆ ಎಂದೆ.

ಚಿಕ್ಕಪ್ಪನ ಮುಖ ನೋಡಬೇಕಿತ್ತು. ಮಗಳ ಮದುವೆ ಗೊತ್ತಾದಾಗಲೂ ಅಷ್ಟು ಅರಳಿರಲಿಲ್ಲ.

"ಮತ್ತೆ ಇಪ್ಪತ್ತಕ್ಕೂ ಡಿಸ್ಕು ಅಂತ ಅಳ್ತಾ ಕೂತಿದ್ದೆಯಲ್ಲ ನೀನು. ಗದ್ದೆಗೊಂದು ಕೆರೆ ಕಟ್ತಾರೇನಮ್ಮಿ?"

"ಇಲ್ಲ ಚಿಕ್ಕಪ್ಪ."

"ಕೆರೆ ಒಂದು. ಕಾಲುವೆ ಒಂದು. ಇಪ್ಪತ್ತು ತೂಬು. ಇದನ್ನ ಕಲಿಯಕ್ಕೆ ನಿಮ್ಮಪ್ಪ ನಿನ್ನ ನಾಲ್ಕು ವರ್ಸ ಕಾಲೇಜಿಗೆ ಕಳಿಸ್ದ್ನಾ?"

ಮರುದಿನದಿಂದ ಲ್ಯಾಬು ಅವರದಾಯಿತು. ತಂತಿ ಎಳೆಯುವುದು, ಮೊಳೆ ಹೊಡೆಯುವುದು ಎಲ್ಲ ಅವರೇ. ಪ್ಲಾಸ್ಟಿಕ್ ಪಟ್ಟಿಯನ್ನು ಒಪ್ಪದೆ ತಂತಿಗಳನ್ನು ಬಾಳೆನಾರಿನಲ್ಲಿ ಕಟ್ಟಿದರು. ಅವರು ಓದಿದ್ದು ನಾಲ್ಕನೇ ಕ್ಲಾಸು, ಇಂಗ್ಲಿಷು ಬಾರದು. ಹಾಗಾಗಿ ಶಾಲೆ ಬಿಟ್ಟ ಮೇಲೆ ಚಿಕ್ಕಮ್ಮ ಬಂದು ಪರದೆಯ ಮುಂದೆ ಕೂತು ಓದಿ ಹೇಳಬೇಕು. ಇವರು ಮೇಜಿನ ಕೆಳಗಿನಿಂದ, "ಏನಂತದೆ ಈಗ?" ಎಂದು ಕೂಗುವುದು. ಅವರು ಮೇಲಿನಿಂದ, "ಆಗ ಅಂದಿದ್ನೇ ಅಂತದೆ" ಎನ್ನುವುದು. ನನ್ನ ವಿದ್ಯಾರ್ಥಿನಿಯರಿಗೆ ಪಾಠಕ್ಕಿಂತ ಇದೇ ರುಚಿಸಿತು.

ಆಗ ಅಂದಿದ್ದು ಏನೆಂದರೆ, ವಿಳಾಸ ಸಿಕ್ಕಿದೆ, ಪಾಠದ ಫೈಲು ಸಿಕ್ಕಿಲ್ಲ ಎಂದು. ಮೂರು ದಿನ ಅದೇ ಮಾತು. ಸರ್ವರನ್ನು ನಾನು ಹತ್ತು ಸಲ ಪರೀಕ್ಷಿಸಿದೆ, ಎಲ್ಲ ಸರಿಯಿತ್ತು. ವಿಳಾಸ ಕೊಟ್ಟವನು ಪಾಠವನ್ನೇಕೆ ಕೊಡುತ್ತಿಲ್ಲ?

"ಕೊಡ್ತಿರೋನು ನಿನ್ನ ಸರ್ವರಲ್ಲ ಕಣಮ್ಮಿ" ಎಂದರು ಚಿಕ್ಕಪ್ಪ. "ನಡುವೆ ಯಾವನೋ ಕಳ್ಳತೂಬು ಮಡಗವ್ನೆ. ಇವು ಕೂಗಿದ್ದಕ್ಕೆ ಅವನು ಮೊದ್ಲು ಓ ಅಂತಾವ್ನೆ."

ತಂತಿಯ ಜಾಡು ಹಿಡಿದು ಹೊರಟರು. ಅದು ಕಿಟಕಿಯಿಂದ ಹೊರಬಿದ್ದು, ಗೋಡೆ ಹತ್ತಿ ಇಳಿದು, ಪಕ್ಕದ ನಯಾಜಣ್ಣನ ಝೆರಾಕ್ಸ್ ಅಂಗಡಿಯ ಇಂಟರ್ನೆಟ್ ಪೆಟ್ಟಿಗೆಗೆ ಹೋಗಿ ಸೇರಿತ್ತು. ನಮ್ಮ ಕಂಪ್ಯೂಟರುಗಳು ಕೇಳಿದ್ದಕ್ಕೆಲ್ಲ ಆ ಪೆಟ್ಟಿಗೆಯೇ ಮುಂದಾಗಿ ವಿಳಾಸ ಕೊಡುತ್ತಿತ್ತು. ಪಾಪ, ಪಾಠದ ವಿಷಯ ಅದಕ್ಕೇನು ಗೊತ್ತು? "ಯಾವ ಮುಟ್ಠಾಳನ್ಲಾ ಇಲ್ಲಿಗೆ ತಂದು ಸಿಕ್ಸಿದ್ದು" ಎಂದು ಚಿಕ್ಕಪ್ಪ ಅಂಗಡಿಯ ಮುಂದೆ ನಿಂತು ಹತ್ತು ನಿಮಿಷ ಬೈದರು. ನಯಾಜಣ್ಣ ತಂತಿಯ ಕಡೆ ಬೆರಳು ತೋರಿಸಿದ. ಬಾಳೆನಾರಿನ ಗಂಟು! ಎರಡು ತಿಂಗಳ ಹಿಂದೆ, ಎರಡು ಅಂಗಡಿಗೆ ಎರಡು ಇಂಟರ್ನೆಟ್ ಯಾಕೆ ಎಂದು ಇವರೇ ಹಂಚಿಕೊಟ್ಟಿದ್ದರು. ಬೈಗುಳ ಅರ್ಧಕ್ಕೆ ನಿಂತಿತು.

ಆ ಪೆಟ್ಟಿಗೆ ವಿಳಾಸ ಹಂಚದಂತೆ ನಾನು ಬಾಯಿ ಕಟ್ಟಿದೆ. ತಂತಿ ಮಾತ್ರ ಕೀಳಬೇಡ ಎಂದು ಚಿಕ್ಕಪ್ಪ ಹಟ ಹಿಡಿದರು. ಮರುದಿನ ಬೆಳಿಗ್ಗೆ ನಯಾಜಣ್ಣ ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತ.

"ಮೇಡಂ, ಆಧಾರ್ ಕಾರ್ಡು ಪ್ರಿಂಟ್ ತೆಗೀಬೇಕಿತ್ತು. ನನ್ನ ಕಂಪ್ಯೂಟರು ಹಾಲ್ ಟಿಕೆಟ್ ನಂಬರ್ ಕೇಳ್ತಾ ಐತೆ. ನಾನು ಯಾವ ಪರೀಕ್ಷೆಗೂ ಕಟ್ಟಿಲ್ಲ."

ಚಿಕ್ಕಪ್ಪ ಹಿಂದಿನ ಸಂಜೆ ಉಪಕಾರ ಮಾಡಲು ಹೋಗಿ, ಚಿಕ್ಕಮ್ಮನಿಂದ ಪರದೆ ಓದಿಸಿಕೊಂಡು, ಅವನ ಕಂಪ್ಯೂಟರು ಕೂಡ ಎದ್ದ ಕೂಡಲೇ ನಮ್ಮ ಸರ್ವರನ್ನೇ ಕೇಳುವಂತೆ ಮಾಡಿ ಬಂದಿದ್ದರು. ಸಾಲದ್ದಕ್ಕೆ ಪಹಣಿ ತೆಗೆಸಲು ಬಂದಿದ್ದ ಹಲಗೂರಿನ ಯಜಮಾನರೊಬ್ಬರು ಕುರ್ಚಿ ಎಳೆದುಕೊಂಡು ಐದು ಪ್ರಶ್ನೆಗೆ ಉತ್ತರ ಕೊಟ್ಟು, ಮುಂದಿನ ಪುಟ ಯಾಕೆ ಬರುತ್ತಿಲ್ಲ ಎಂದು ನಯಾಜಣ್ಣನ ಜೊತೆ ಜಗಳಕ್ಕೆ ನಿಂತಿದ್ದರಂತೆ. ಐದರಲ್ಲಿ ನಾಲ್ಕು ಸರಿಯಿದ್ದವು ಬೇರೆ. ಕೊನೆಗೂ ತಂತಿ ಕಿತ್ತೆವು. ಮನೆ ಭಾಗವಾದವರ ಹಾಗೆ ಚಿಕ್ಕಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಇನ್ನೇನು ಆಯಿತು ಎಂದುಕೊಂಡು ಇಪ್ಪತ್ತನ್ನೂ ಒಟ್ಟಿಗೆ ಹಚ್ಚಿದೆವು. ಇಪ್ಪತ್ತೂ ಅರ್ಧ ಎದ್ದು ಅಲ್ಲೇ ನಿಂತವು. ನಮ್ಮ ಸರ್ವರೂ ಮುದಿಯದು, ಇಪ್ಪತ್ತು ಜನ ಏಕಕಾಲಕ್ಕೆ ಕೈಚಾಚಿದರೆ ಎಲ್ಲಿಂದ ಕೊಟ್ಟೀತು? ನಾನು ಗಾಬರಿಯಾದೆ. ಚಿಕ್ಕಪ್ಪ ಹೆಗಲ ಮೇಲಿನ ಟವೆಲ್ ಕೊಡವಿದರು.

"ಇಪ್ಪತ್ತು ತೂಬನ್ನ ಒಂದೇ ಸಲ ಎತ್ತಿದ್ರೆ ಯಾವನ ಗದ್ದೆ ನೆನೀತದೆ? ಸರದಿ ಮಾಡು. ಒಂದು ಎದ್ಮೇಲೆ ಇನ್ನೊಂದು. ಸುರು ಮಾಡೋದು ಆ ಮೂಲೇದ್ರಿಂದ."

"ಮೂಲೆಯದು ಎಲ್ಲಕ್ಕಿಂತ ದೂರ ಚಿಕ್ಕಪ್ಪ. ಹತ್ತಿರದ್ದರಿಂದ ಶುರು ಮಾಡೋಣ."

"ಅದ್ಕೇ ಅದು ಮೊದ್ಲು. ಅತ್ರದವ್ನಿಗೆ ಎಂಗಾದ್ರೂ ಸಿಕ್ತದೆ. ಕೊನೇವ್ನಿಗೆ ಮೊದ್ಲು ಮುಟ್ಟಿಸ್ಬೇಕು."

ಇದು ವಿದ್ಯುತ್ತು, ತಂತಿಯ ಉದ್ದ ಹದಿನೈದು ಅಡಿ, ಹಿಂದೆ ಮುಂದೆ ಎಂಬ ವ್ಯತ್ಯಾಸವೇ ಇಲ್ಲ ಎಂದು ನಾನು ವಾದಿಸಿದೆ. "ಅಂಗಂತ ನಾಲೆ ಎಂಜಿನಿಯರೂ ಅಂತಿದ್ದ" ಎಂದರು. ಮಳವಳ್ಳಿಯವರಾದ ನಮಗೆ, ನೀರು ಬಂದು ಮುಟ್ಟುವುದೇ ಅಪರೂಪವಾದ ನಾಲೆಯ ಕೊನೆ ಭಾಗ ಎಂದರೇನು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ, ಒಪ್ಪಿಕೊಂಡೆ. ಮೂಲೆಯದಕ್ಕೆ ಒಂದನೇ ನಂಬರು ಬಿತ್ತು. ಒಂದೊಂದಕ್ಕೆ ಅರ್ಧ ನಿಮಿಷ. ಇಪ್ಪತ್ತೂ ಎದ್ದು ಕೂತವು. ಚಿಕ್ಕಮ್ಮ ದಪ್ಪ ಅಕ್ಷರದಲ್ಲಿ ಸರದಿ ಬರೆದು ಗೋಡೆಗೆ ಅಂಟಿಸಿದರು.

ಪರಿಶೀಲನೆಗೆ ಬಂದ ಅಧಿಕಾರಿ ಎಳೆಯ ವಯಸ್ಸಿನವರು. ಒಂದು ಕಂಪ್ಯೂಟರಿನ ಮುಚ್ಚಳ ತೆಗೆಸಿ, ಒಳಗೆ ಇಣುಕಿ, "ಡಿಸ್ಕೇ ಇಲ್ಲವಲ್ಲ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ, "ಇದು ಗದ್ದೆ ಸಾ. ಕೆರೆ ಆ ರೂಮಲ್ಲದೆ" ಎಂದರು. ಅಧಿಕಾರಿ ನನ್ನ ಮುಖ ನೋಡಿದರು. ನಾನು ಎಲ್ಲವನ್ನೂ ವಿವರಿಸಿ, ಇವುಗಳಲ್ಲಿ ಯಾರೂ ಏನನ್ನೂ ಬಚ್ಚಿಡಲಾಗುವುದಿಲ್ಲ, ಹಾಗಾಗಿ ನಕಲಿನ ಭಯವಿಲ್ಲ ಎಂದೆ. "ಆಫ್ ಮಾಡಿದ್ರೆ ಎಲ್ಲ ಮರ್ತೋಯ್ತವೆ ಸಾ, ನಮ್ಮಣ್ಣನಂಗೆ" ಎಂದು ಚಿಕ್ಕಪ್ಪ ಸೇರಿಸಿದರು. ಅವರ ಅಣ್ಣ ಎಂದರೆ ನಮ್ಮಪ್ಪ! ಮಂಜೂರಾತಿ ಕಾಗದ ಕೈಗೆ ಬರುವವರೆಗೆ ನಾನು ಆ ಸಿಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ.

ಪರೀಕ್ಷೆಯ ದಿನ ಚಿಕ್ಕಮ್ಮ ಬಸ್ಸಿನ ಮುಖ ನೋಡದೆ, ನಡೆದುಕೊಂಡು ಬಂದರು. ಹೊಸ ಸೀರೆ, ಕೈಯಲ್ಲಿ ಹಾಲ್ ಟಿಕೆಟ್. ಅವರಿಗೆ ಬಿದ್ದದ್ದು ನಾಲ್ಕನೇ ನಂಬರಿನ ಕಂಪ್ಯೂಟರು. ಆದರೆ ನನಗೂ ಚಿಕ್ಕಪ್ಪನಿಗೂ ಒಳಗೆ ಪ್ರವೇಶವಿಲ್ಲ. ಸಂಬಂಧಿಕರು ಪರೀಕ್ಷೆಗೆ ಕೂತಿದ್ದರೆ ಕೇಂದ್ರದವರು ಹೊರಗಿರಬೇಕೆಂಬ ನಿಯಮ. ಎಲ್ಲವನ್ನೂ ಹೊರಗಿನಿಂದ ಬಂದ ಮೇಲ್ವಿಚಾರಕರ ವಶಕ್ಕೆ ಕೊಟ್ಟು, ಗೋಡೆಯ ಪಟ್ಟಿಯನ್ನು ಎರಡೆರಡು ಸಲ ತೋರಿಸಿ ಬಂದೆ. ಅವರು ಹೂಂ ಹೂಂ ಎಂದರು. ನಾವಿಬ್ಬರೂ ನಯಾಜಣ್ಣನ ಅಂಗಡಿಯ ಬೆಂಚಿನ ಮೇಲೆ ಕೂತೆವು. ಲ್ಯಾಬಿನ ಕಿಟಕಿ ಅಲ್ಲಿಗೆ ನಾಲ್ಕು ಮಾರು.

ಗಂಟೆ ಹೊಡೆಯಿತು. ಒಳಗೆ ಇಪ್ಪತ್ತು ಕಂಪ್ಯೂಟರುಗಳ ಫ್ಯಾನುಗಳು ಒಟ್ಟಿಗೆ ಗೊರ್ ಎಂದವು. ಚಿಕ್ಕಪ್ಪ ಎದ್ದು ನಿಂತರು.

"ಅಯ್ಯೋ, ಎಲ್ಲಾನೂ ಒಂದೇ ಸಲ ಎತ್ತವ್ರೆ ಕಣಮ್ಮಿ."

ಒಳಗೆ ಗಲಿಬಿಲಿ. "ಸಾರ್, ನಿಂತುಹೋಯ್ತು", "ಸಾರ್, ನಂದೂ ಬರ್ತಿಲ್ಲ" ಎಂಬ ದನಿಗಳು. ಪರೀಕ್ಷೆ ಇದ್ದದ್ದೇ ನಲವತ್ತು ನಿಮಿಷ, ಗಡಿಯಾರ ಓಡುತ್ತಿದೆ. ಚಿಕ್ಕಪ್ಪ ಗೇಟಿನತ್ತ ನಡೆದರು. ನಾನು ಅಂಗಿ ಹಿಡಿದು ಎಳೆದೆ. ಹೊರಗಿನಿಂದ ನಾವು ಒಂದು ಮಾತು ಕೂಗಿದರೂ ಚಿಕ್ಕಮ್ಮನ ಪರೀಕ್ಷೆಯೇ ರದ್ದಾಗುತ್ತಿತ್ತು. ಅವರು ವಾಪಸು ಬಂದು ಟವೆಲನ್ನು ಬಾಯಿಗೆ ಒತ್ತಿಕೊಂಡು ಕೂತರು.

ಆಗ ಒಂದು ದನಿ ಕೇಳಿಸಿತು. ಇಪ್ಪತ್ತೈದು ವರ್ಷ ಮಕ್ಕಳನ್ನು ಸಾಲು ನಿಲ್ಲಿಸಿದ ದನಿ.

"ಎಲ್ಲಾರೂ ಸ್ವಿಚ್ ಆಫ್ ಮಾಡಿ. ಸಾರ್, ನೀವೂ ಒಸಿ ಸುಮ್ಕೆ ನಿಂತ್ಕಳಿ. ಮೂಲೇಲಿರೋ ಅಮ್ಮ, ನೀವು ಮೊದ್ಲು ಹಾಕಿ. ಬಂತಾ? ಎರಡನೇವ್ರು."

ಗದ್ದಲ ಅಡಗಿತು. ಚಿಕ್ಕಪ್ಪ ಬೆರಳು ಮಡಚಿ ಎಣಿಸತೊಡಗಿದರು. ಎರಡು ಬಂತು. ಮೂರು ಬಂತು. "ಈಗ ಅವಳ್ದು" ಎಂದು ನಾಲ್ಕನೇ ಬೆರಳು ಹಿಡಿದರು.

"ಐದನೇವ್ರು ಹಾಕಿ" ಎಂದಿತು ದನಿ.

ಚಿಕ್ಕಪ್ಪನ ಬೆರಳು ಅಲ್ಲೇ ನಿಂತಿತು. ಆರು, ಏಳು, ಹನ್ನೆರಡು, ಹದಿನೆಂಟು. ಇಪ್ಪತ್ತನೆಯದೂ ಬಂದ ಮೇಲೆ, ಹತ್ತು ನಿಮಿಷ ಕಳೆದ ಮೇಲೆ, "ಈಗ ನಂದು ಹಾಕ್ಕತೀನಿ ಸಾರ್" ಎಂದದ್ದು ಕೇಳಿಸಿತು.

ಚಿಕ್ಕಪ್ಪ ಅಳುತ್ತಿದ್ದರು. ನನಗೆ ಕಾರಣ ಗೊತ್ತಿತ್ತು, ಮನೆಯ ಎಲ್ಲರಿಗೂ ಗೊತ್ತು. ಅವರ ಎರಡು ಎಕರೆ ಗದ್ದೆ ಇದ್ದದ್ದು ತೂಬಿನ ಬಾಯಲ್ಲೇ. ಆದರೂ ಮೂವತ್ತು ವರ್ಷ ಅದಕ್ಕೆ ನೀರು ಬಿಟ್ಟದ್ದು ಎಲ್ಲರದೂ ಮುಗಿದ ಮೇಲೆ. ನೀರುಗಂಟಿ ತನ್ನ ಗದ್ದೆ ಮೊದಲು ನೆನೆಸಿಕೊಂಡ ಎಂದು ಯಾರೂ ಅನ್ನಬಾರದಲ್ಲ! ಊರೆಲ್ಲ ನಾಟಿ ಮುಗಿಸಿದ ಮೇಲೆ ಚಿಕ್ಕಮ್ಮ ಒಣ ಗದ್ದೆಯ ಬದುವಿನಲ್ಲಿ ನಿಂತು ಗಂಡನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಕೆಲವು ವರ್ಷ ವಾರಗಟ್ಟಲೆ ಮಾತು ಬಿಟ್ಟದ್ದೂ ಇದೆ.

ಚಿಕ್ಕಮ್ಮ ಪಾಸಾದರು. ಅದನ್ನು ಈಗಲೇ ಹೇಳಿಬಿಡುತ್ತೇನೆ. ಈಗ ಅದೇ ಶಾಲೆಯಲ್ಲಿ ಗುಮಾಸ್ತೆ. ಆದರೆ ಅಂದು, ಫಲಿತಾಂಶ ಏನಾಗುವುದೋ ಯಾರಿಗೂ ತಿಳಿಯದಿದ್ದಾಗ, ಅವರು ಹೊರಗೆ ಬಂದ ಕೂಡಲೇ ಚಿಕ್ಕಪ್ಪ ರೇಗಿದರು.

"ಬುದ್ಧಿ ಐತೇನೇ ನಿಂಗೆ? ಇದೇ ಕೊನೆ ಸಲ ಅಂತ ಗೊತ್ತಿತ್ತಲ್ಲ. ನಾಲ್ಕನೇದು ನಿಂದೇ ಸರದಿ. ನಿನ್ನ ಸರದೀಲಿ ನೀನು ಹಾಕ್ಕಂಡಿದ್ರೆ ಯಾರು ಏನಂತಿದ್ರು?"

"ಎಲ್ಲಾರ್ದೂ ಆಫ್ ಮಾಡ್ಸಿದ್ದು ನಾನು" ಎಂದರು ಚಿಕ್ಕಮ್ಮ. "ಅವೆಲ್ಲ ಹೆಣ್ಮಕ್ಳು ಹಲಗೂರಿಂದಾಚೆಯಿಂದ ಬಸ್ ಹತ್ಕೊಂಡು ಬಂದವ್ರೆ. ಅವ್ರು ಕಾಯ್ತಾ ಕೂತಿರುವಾಗ ನಂದು ಮುಂಚೆ ಹಾಕ್ಕಳಕ್ಕೆ ಮನಸ್ಸು ಬರ್ಲಿಲ್ಲ."

ಚಿಕ್ಕಪ್ಪ ಬೆಂಚಿನ ಕಡೆ ನೋಡುತ್ತಲೇ ಹೇಳಿದರು.

"ಮೂವತ್ತು ವರ್ಸದಲ್ಲಿ ಒಂದೇ ಒಂದು ವರ್ಸನಾದ್ರೂ ನಮ್ಮ ಗದ್ದೆಗೆ ಮೊದ್ಲು ಬುಡ್ಬೇಕಾಗಿತ್ತು ಕಣೇ ನಾನು. ನಿನಗೋಸ್ಕರ."

ಚಿಕ್ಕಮ್ಮ ಅವರ ಹೆಗಲಿನಿಂದ ಟವೆಲ್ ತೆಗೆದುಕೊಂಡು ಮೊದಲು ತಮ್ಮ ಮುಖದ ಬೆವರು ಒರೆಸಿಕೊಂಡರು. ಆಮೇಲೆ ಅವರ ಕಣ್ಣು ಒರೆಸಿದರು.

"ಬುಡಿ ಅತ್ಲಾಗೆ" ಎಂದರು. "ತಡವಾಗಿಯಾದ್ರೂ ಬೆಳೆ ಬರ್ಲಿಲ್ವಾ?"